ದೊಡ್ಡಮ್ಮನನ್ನು ಯಾರೂ ಕೇಳಿರಲಿಲ್ಲ

ನಮ್ಮ ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಹಗಲಿಡೀ ಯಾರ್ಯಾರದೋ ಲೈನನ್ನು ಯಾರ್ಯಾರಿಗೋ ಜೋಡಿಸಿ, "ಮಾತಾಡಿ" ಎಂದಷ್ಟೇ ಹೇಳಿ ತಾನು ಸುಮ್ಮನಾಗಬೇಕಿತ್ತು. ಆ ಬಾಕಿಯನ್ನೆಲ್ಲ ಮನೆಗೆ ಬಂದು ತೀರಿಸುತ್ತಿದ್ದಳು. ಇವಳ ಬಾಯಿಗೆ ಭಾನುವಾರವೂ ರಜೆಯಿಲ್ಲ ಎಂದು ದೊಡ್ಡಪ್ಪ ಗೊಣಗುತ್ತಿದ್ದರು. ಲೈನಿನಲ್ಲಿ ಯಾವನಾದರೂ ಚೆಲ್ಲುಚೆಲ್ಲಾಗಿ ಮಾತಾಡಿದರೆ, "ನಿಮ್ಮ ಮನೆ ನಂಬರ್ ನನ್ನ ಹತ್ರ ಇದೆ, ಹೆಂಡತಿಗೆ ಲೈನ್ ಕೊಡ್ಲಾ?" ಎನ್ನುತ್ತಿದ್ದಳಂತೆ. ಆಮೇಲೆ ಆತ ತುಟಿ ಪಿಟಕ್ಕೆನ್ನುತ್ತಿರಲಿಲ್ಲವಂತೆ.

ಇಷ್ಟೆಲ್ಲ ಮಾತಾಡುವವಳು ತನಗೇನು ಬೇಕೆಂದು ಮಾತ್ರ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಕೇಳಿದರೆ, "ನಿಮಗೆ ಹೇಗೆ ಅನುಕೂಲವೋ ಹಾಗೆ." ಇದು ನಮ್ಮ ಮನೆತನದ ರೋಗ. ಒಮ್ಮೆ ಎಲ್ಲರೂ ಸೇರಿ ಸಿನಿಮಾಕ್ಕೆ ಹೋದೆವು. ಮೂರು ಗಂಟೆ ಆಕಳಿಸಿ ಹೊರಗೆ ಬಂದ ಮೇಲೆ ತಿಳಿಯಿತು, ಹೋಗಲು ಒಬ್ಬರಿಗೂ ಇಷ್ಟವಿರಲಿಲ್ಲ. ಇನ್ನೊಬ್ಬರಿಗೆ ಬೇಸರವಾದೀತೆಂದು ಪ್ರತಿಯೊಬ್ಬರೂ ಹೂಂ ಅಂದಿದ್ದರು.

ಎಂಬತ್ತು ದಾಟಿದ ಮೇಲೆ ಅವಳ ಹೃದಯ ಸೋತಿತು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು, ಆಸ್ಪತ್ರೆಯಲ್ಲಿ ತೆಗೆಯುತ್ತಿದ್ದರು, ಮನೆಗೆ ಬಂದರೆ ಮತ್ತೆ ತುಂಬುತ್ತಿತ್ತು. ಪ್ರಿಂಟಿಂಗ್ ಪ್ರೆಸ್ ನಡೆಸುವ ಅವಳ ಮಗ, ಸ್ಕೂಲ್ ಟೀಚರಾದ ಮಗಳು, ಅವಳ ತಂಗಿಯ ಮಗಳಾದ ನಾನು, ಹೀಗೆ ಮೂವರು ಸರದಿ ಹಾಕಿಕೊಂಡು ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದೆವು. ಅವರಿಬ್ಬರೂ ನನಗೆ ಅಣ್ಣ, ಅಕ್ಕನೇ.

ಎಡವಟ್ಟಾದದ್ದು ಈ ಸರದಿಯಲ್ಲೇ. ಡಾಕ್ಟರು ಬಂದು ಮುಂದಿನ ಚಿಕಿತ್ಸೆ ಮಾಡಬೇಕೇ ಎಂದು ಕೇಳಿದಾಗ, ತನ್ನ ಸರದಿಯಲ್ಲಿ ಬೇಡವೆಂದು ಹೇಳಿ ಕೆಟ್ಟವರಾಗಲು ಯಾರಿಗೂ ಧೈರ್ಯವಿರಲಿಲ್ಲ. ಅಣ್ಣನ ಹೊತ್ತಿನಲ್ಲಿ ಸ್ಕ್ಯಾನ್, ಅಕ್ಕನ ಹೊತ್ತಿನಲ್ಲಿ ಮೂಗಿಗೆ ನಳಿಗೆ, ನನ್ನ ಹೊತ್ತಿನಲ್ಲಿ ಇನ್ನೊಂದಷ್ಟು ಸೂಜಿ. ಆಸ್ಪತ್ರೆಯವರನ್ನು ದೂರಲಾರೆ, ಅವರು ಕೇಳಿದರು, ನಾವು ಹೂಂ ಅಂದೆವು. ದೊಡ್ಡಮ್ಮನ ತೋಳುಗಳು ಕಪ್ಪುಗಟ್ಟಿದವು. ನಿದ್ದೆಗಣ್ಣಿನಲ್ಲಿ ನಳಿಗೆ ಕಿತ್ತುಕೊಳ್ಳುತ್ತಾಳೆಂದು ಅವಳ ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಮೆತ್ತನೆಯ ಬಟ್ಟೆಯಾದರೇನು, ಕಟ್ಟಿದ್ದು ಕಟ್ಟಿದ್ದೇ. 

ಕೊನೆಗೆ ಗಂಟಲಿಗೆ ತೂತು ಮಾಡಿ ಉಸಿರಾಟದ ಪೈಪ್ ಹಾಕುವ ಮಾತು ಬಂತು. ವಾರ್ಡಿನ ಲೇಡಿ ಡಾಕ್ಟರು ನಮ್ಮ ಮೂವರನ್ನೂ ಒಟ್ಟಿಗೆ ಕರೆಸಿದರು.

"ಪೈಪ್ ಹಾಕಿದ್ರೆ ಮಾತು ನಿಂತುಹೋಗುತ್ತೆ. ಕಾಯಿಲೆ ಅಂತೂ ವಾಸಿ ಆಗಲ್ಲ. ಸ್ವಲ್ಪ ದಿನ ಮುಂದೂಡಬಹುದು, ಅದೂ ಇದೇ ಹಾಸಿಗೆ ಮೇಲೆ. ಅಮ್ಮ ಏನಂತಾರೆ?"

ಅಣ್ಣ ಅಕ್ಕನ ಮುಖ ನೋಡಿದ. ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಕೇಳಿಲ್ವಾ?" ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗಿ ಕೇಳ್ಕೊಂಡು ಬನ್ನಿ."

ನರ್ಸ್ ಬಂದು ಕೈಕಟ್ಟು ಬಿಚ್ಚಿ, ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿದರು. ಅಣ್ಣ ತೊದಲುತ್ತಾ ಎಲ್ಲವನ್ನೂ ಹೇಳಿದ. ದೊಡ್ಡಮ್ಮ ಕೇಳಿಸಿಕೊಂಡು, ಒಡೆದ ದನಿಯಲ್ಲಿ ಅದನ್ನೇ ಅಂದಳು: "ನಿಮಗೆ ಹೇಗೆ ಅನುಕೂಲವೋ ಹಾಗೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಮ್ಮ ಅನುಕೂಲ ಹಾಳಾಗ್ಲಿ, ದೊಡ್ಡಮ್ಮ! ನಿನಗೇನು ಬೇಕು ಅದನ್ನ ಹೇಳು!" ಎಂದುಬಿಟ್ಟೆ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಸಾಕಾಗಿದೆ ಕಣೇ," ಎಂದಳು. "ಮನೆಗೆ ಕರ್ಕೊಂಡು ಹೋಗಿ."

"ಮತ್ತೆ ಇಷ್ಟು ದಿನ ಒಂದಕ್ಕೂ ಯಾಕಮ್ಮ ಬೇಡ ಅನ್ಲಿಲ್ಲ?" ಅಣ್ಣ ಕೇಳಿದ.

"ನಿಮಗೆ ಬೇಕಲ್ಲಾ ಅಂತ. ಬೇಡ ಅಂದ್ರೆ, ಅಮ್ಮನಿಗೆ ನಮ್ಮನ್ನ ಬಿಟ್ಟು ಹೋಗೋಕೆ ಅವಸರ ಅಂದ್ಕೊಳ್ತೀರಿ ಅಂತ."

"ನಿನಗೆ ಬೇಕು ಅಂತ ನಾವು..." ಅಕ್ಕನಿಗೆ ಅಳು ತಡೆಯಲಾಗಲಿಲ್ಲ.

"ಸಿನಿಮಾಕ್ಕೆ ಹೋದ ಹಾಗೇ ಆಯ್ತಲ್ಲ," ಎಂದಳು ದೊಡ್ಡಮ್ಮ. ನಾವು ಅಳುತ್ತಾ ನಕ್ಕೆವು.

ಮಾರನೆಯ ದಿನ ನಳಿಗೆ ತೆಗೆಸಿಕೊಂಡು ಮನೆಗೆ ಬಂದೆವು. ಆಸ್ಪತ್ರೆಯ ನರ್ಸಮ್ಮ ಮನೆಗೇ ಬಂದು ಹೋಗತೊಡಗಿದರು. ಉಸಿರು ಕಟ್ಟಿದಾಗ ತಲೆದಿಂಬು ಎತ್ತರಿಸುವುದು, ಮುಖಕ್ಕೆ ಫ್ಯಾನ್ ತಿರುಗಿಸುವುದು, ನಾಲಿಗೆಯ ಕೆಳಗೆ ಹನಿ ಔಷಧ ಹಾಕುವುದು, ಎಲ್ಲವನ್ನೂ ಕಲಿಸಿಕೊಟ್ಟರು. "ಆಸ್ಪತ್ರೆಯಲ್ಲೂ ಈಗ ಇದಕ್ಕಿಂತ ಹೆಚ್ಚಿಗೆ ಏನೂ ಮಾಡೋಕಾಗಲ್ಲ," ಎಂದು ಅಣ್ಣನಿಗೆ ಬಿಡಿಸಿ ಹೇಳಿದರು. ಅಣ್ಣ ತಲೆಯಾಡಿಸಿದ. ಅವನ ಕಣ್ಣಲ್ಲಿ ಮಾತ್ರ ಹೆದರಿಕೆ ಹಾಗೇ ಇತ್ತು.

ಆ ದಿನಗಳಿಗೆ ಬಣ್ಣ ಹಚ್ಚಿ ಹೇಳಲಾರೆ. ಬಟ್ಟೆ ಒಗೆದು ಒಗೆದು ಅಕ್ಕನ ಸೊಂಟ ಬಿದ್ದುಹೋಯಿತು. ದೊಡ್ಡಮ್ಮ ಕೆಲವು ದಿನ ಎಲ್ಲರ ಮೇಲೂ ಸಿಡುಕಿದಳು. ಆದರೆ ಮಾತಾಡಿದಳು. ಅರ್ಧ ವಾಕ್ಯಕ್ಕೆ ಉಸಿರು ಸಾಲದೆ ನಿಲ್ಲುತ್ತಿದ್ದಳು, ಸುಧಾರಿಸಿಕೊಂಡು ಬಿಟ್ಟಲ್ಲಿಂದ ಶುರು ಮಾಡುತ್ತಿದ್ದಳು. ಬೇಕು ಬೇಡಗಳನ್ನು ಹೇಳುವುದನ್ನೂ ಕಲಿತಳು, ಸ್ವಲ್ಪ ಜಾಸ್ತಿಯೇ ಕಲಿತಳು. ಕಿಟಕಿ ತೆಗಿ, ಆ ಟಿವಿ ಆರಿಸು, ನೀನು ಸಾಕು ಹೋಗು, ಅವಳನ್ನ ಕಳಿಸು. ನನಗೆ ಅದೇ ಹಬ್ಬವಾಗಿತ್ತು.

ಒಂದು ಬೆಳಗ್ಗೆ ಉಸಿರು ಸಿಕ್ಕಾಪಟ್ಟೆ ಏರಿತು. ತುಟಿ ನೀಲಿಯಾಯಿತು. ಅಕ್ಕ ಹನಿ ಹಾಕಿದಳು, ನಾನು ದಿಂಬು ಎತ್ತರಿಸಿದೆ. ಅಣ್ಣ ಗಡಬಡಿಸಿ ಮೊಬೈಲ್ ಕೈಗೆತ್ತಿಕೊಂಡ. "ಆಂಬುಲೆನ್ಸ್ ಕರೀತೀನಿ. ಹೀಗೆ ನೋಡ್ತಾ ನಿಲ್ಲೋಕೆ ನನ್ನ ಕೈಲಿ ಆಗಲ್ಲ."

ಕರೆದರೆ ಮತ್ತೆ ಆ ನಳಿಗೆ, ಆ ಕೈಕಟ್ಟು. ಕರೆಯದಿದ್ದರೆ ಇಂದೇ ಅವಳ ಕೊನೆಯ ದಿನ. ಎರಡೂ ನನಗೆ ಗೊತ್ತಿತ್ತು.

ದೊಡ್ಡಮ್ಮ ಕಣ್ಣು ತೆರೆದು ಮಗನನ್ನು ನೋಡಿದಳು. ಹನಿ ಔಷಧ ಹಿಡಿಯತೊಡಗಿತ್ತು.

"ಅಮ್ಮಾ, ಭಯ ಆಗ್ತಿದ್ಯಾ?" ಅಣ್ಣ ಕೇಳಿದ.

"ನನಗಲ್ಲ ಕಣೋ... ನಿನಗೆ," ಎಂದಳು. ಬೆರಳು ಅಲ್ಲಾಡಿಸಿ ಮಂಚದ ಅಂಚು ತೋರಿಸಿದಳು. "ಬಾ. ಹತ್ರ ಕೂತ್ಕೋ."

ಅಣ್ಣ ಮೊಬೈಲನ್ನು ನನ್ನ ಕೈಗೆ ಕೊಟ್ಟು ಅವಳ ಪಕ್ಕ ಕುಳಿತ. ಮಧ್ಯಾಹ್ನ ಉಸಿರು ನಿಲ್ಲುವವರೆಗೂ ಅವನ ಬೆನ್ನು ಸವರುತ್ತಿದ್ದವಳು ಅವಳೇ.