ಮಾಬೂಸಾಬ ಕಾಕಾ ಒರಗುವ ಗೋಡೆ

ಮೂರು ವರ್ಷದ ಹಿಂದಿನ ಮಾತು. ದಸರಾ ಹಬ್ಬಕ್ಕೆ ಇನ್ನೂ ಒಂದು ತಿಂಗಳು ಇರುವಾಗ ಶಲವಡಿಯ ನಮ್ಮ ಮನೆಯ ಒಳಗಿನ ಎರಡು ಗೋಡೆ ಕೆಡವಿಸಿದೆವು. ಪಡಸಾಲೆ, ನಡುಮನೆ, ಅಡುಗೆಮನೆ ಮೂರೂ ಕೂಡಿ ಒಂದೇ ದೊಡ್ಡ ಹಾಲ್ ಆಯಿತು. ಒಲೆಯ ಮುಂದೆ ನಿಂತರೆ ಬಾಗಿಲಿಗೆ ಯಾರು ಬಂದರೆಂದು ಕಾಣುತ್ತಿತ್ತು. ಹದಿನಾಲ್ಕು ವರ್ಷ ಕತ್ತಲೆಯ ಮೂಲೆಯಲ್ಲಿ ರೊಟ್ಟಿ ಬಡಿದ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಬಣ್ಣ ಆರಿಸುವ ಕೆಲಸ ನನ್ನದೇ ಎಂದು ಮೊದಲೇ ಹಟ ಹಿಡಿದಿದ್ದೆ. ನನ್ನ ಹಟ ನಮ್ಮ ಓಣಿಗೆಲ್ಲ ಗೊತ್ತು. ಅಣ್ಣಿಗೇರಿಯ ಅಂಗಡಿಯಿಂದ ಬಣ್ಣದ ಕಾರ್ಡ್ ತಂದು, ಸಾರು ಕುದಿಯುವಾಗಲೂ ಅದನ್ನೇ ಹಿಡಿದುಕೊಂಡು ನಿಲ್ಲುತ್ತಿದ್ದೆ. ಮೊಬೈಲಿನಲ್ಲಿ ಯಾರು ಯಾರದೋ ಮನೆಗಳನ್ನು ನೋಡಿದೆ. ಒಂದೇ ಹಾಲ್ ಇದ್ದರೆ ಗೋಡೆಗಳಿಗೆ ತಿಳಿ ಬಣ್ಣ ಬಳಿಯಬೇಕು, ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹಚ್ಚಿದರೆ ಕಣ್ಣಿಗೆ ಹಬ್ಬ ಎಂದು ಕಲಿತುಕೊಂಡೆ. ಕೊನೆಗೆ ಎಲ್ಲ ಕಡೆ ಹಾಲಿನ ಕೆನೆಯ ಬಣ್ಣ, ಟಿವಿ ಇರುವ ಗೋಡೆಗೆ ನವಿಲು ಬಣ್ಣ ಎಂದು ತೀರ್ಮಾನ ಮಾಡಿದೆ. ಹೈಸ್ಕೂಲ್ ಮಾಸ್ತರರಾದ ನನ್ನ ಗಂಡ "ತಿಳಿ ಹಸರು ಹಚ್ಚೂಣು" ಎಂದರು. "ನಿಮ್ಮ ಸಾಲಿಗೆ ಹಚ್ಚ್ರಿ" ಎಂದೆ. ಮಾವನವರು ನವಿಲು ಬಣ್ಣದ ಗೋಡೆಯನ್ನು ಬಹಳ ಹೊತ್ತು ನೋಡಿ, "ಸವಿತವ್ವಾ, ಇದೊಂದ ಗ್ವಾಡಿ ಬ್ಯಾರೆ ಯಾಕ? ಆ ಬಣ್ಣ ಸಾಲಲಿಲ್ಲೇನು?" ಎಂದು ಕೇಳಿದರು. ನಕ್ಕು ನಕ್ಕು ಸಾಕಾಯಿತು.

ಪೇಂಟರ್‌ಗೆ ತಲೆನೋವು ಕೊಟ್ಟದ್ದು ಒಂದೇ ಜಾಗ. ಬಾಗಿಲಿನ ಎಡಗಡೆಯ ಗೋಡೆಯ ಮೇಲೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ದೊಡ್ಡ ರೊಟ್ಟಿಯಷ್ಟು ಅಗಲದ ಕಪ್ಪು ಗುರುತು. ಅದು ಮಾಬೂಸಾಬ ಕಾಕಾನ ತಲೆಯ ಗುರುತು. ಕಾಕಾ ನಮ್ಮ ಮಾವನ ಗೆಳೆಯರು, ಇಬ್ಬರೂ ಕೂಡಿ ಸಾಲಿ ಕಲಿತವರು. ದಿನಾ ಸಂಜೆ ಚಹಾದ ಹೊತ್ತಿಗೆ ಬಂದು, ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಮಾವನ ಬಾಜು ಗೋಡೆಗೆ ಒರಗಿ ಕೂಡುತ್ತಿದ್ದರು. ದಟ್ಟ ಬಿಳಿ ಕೂದಲು, ಅದಕ್ಕೆ ದಿನಾ ಬೆಳಗ್ಗೆ ಬೊಗಸೆ ಕೊಬ್ಬರಿ ಎಣ್ಣೆ. "ಅಕ್ಕಾರ, ಇದು ಎಣ್ಣಿ. ಎಷ್ಟ ಬಣ್ಣ ಹಚ್ಚಿದ್ರೂ ಮ್ಯಾಲ ಬರತೈತಿ" ಎಂದು ಪೇಂಟರ್ ಅಷ್ಟು ಜಾಗದ ಗಿಲಾವು ಕೆತ್ತಿಸಿ ಹೊಸದಾಗಿ ಮಾಡಿಸಿದ.

ಬಣ್ಣ ಮುಗಿದ ಮೂರನೇ ದಿನ ಕಾಕಾ ಬಂದರು. "ವಾಹ್ ಬೇಟಿ, ಅರಮನಿ ಆಗೇತಿ!" ಎಂದು ಸುತ್ತಲೂ ನೋಡಿದರು. ಟೋಪಿ ತೆಗೆದರು. ಮಾವನ ಬಾಜು ತಮ್ಮ ಜಾಗದಲ್ಲೇ ಕೂತು ಹಿಂದಕ್ಕೆ ವಾಲಿದರು. ನಾನು ಕೈಗೆ ಸಿಕ್ಕ ಪೇಪರು ತೆಗೆದುಕೊಂಡು ಓಡಿಹೋಗಿ, ಅವರ ತಲೆಗೂ ಗೋಡೆಗೂ ನಡುವೆ ಇಟ್ಟೇಬಿಟ್ಟೆ. "ಹೊಸಾ ಬಣ್ಣರಿ ಕಾಕಾ, ಸ್ವಲ್ಪ ಇದನ್ನ ಇಟಗೋರಿ" ಎಂದು ನಕ್ಕೆ. ಕಾಕಾನೂ ನಕ್ಕು "ಹೌದೌದು, ಖರೇ ಐತಿ" ಎಂದರು. ಆಮೇಲೆ ನೆಟ್ಟಗೆ ಕೂತು ಚಹಾ ಕುಡಿದು ಎದ್ದು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಾವನವರು ಚಹಾದ ಕಪ್ಪು ಹಿಡಿದು ಹೊರಗೆ ಕಟ್ಟೆಯ ಮೇಲೆ ಒಬ್ಬರೇ ಕೂಡತೊಡಗಿದರು. "ಕಾಕಾ ಯಾಕ ಬರವಲ್ಲರಿ ಮಾವಾರ?" ಎಂದರೆ "ಏನರ ಕೆಲಸ ಇರಬೇಕಳವಾ" ಎಂದರು. ನಾನೂ ಹಾಗೇ ಅಂದುಕೊಂಡೆ. ಮಂದಿ ಬಂದು ಹೊಸ ಹಾಲ್ ಹೊಗಳುತ್ತಿದ್ದರು, ನಾನು ಉಬ್ಬಿ ಹೋಗಿದ್ದೆ.

ಐದನೇ ದಿನ ಮುಂಜಾನೆ ನಾಷ್ಟಾ ಮಾಡುತ್ತ ನನ್ನ ಗಂಡ ತಲೆ ಎತ್ತದೇ ಹೇಳಿದರು: "ಆವತ್ತು ಇಬ್ಬರೂ ಬಾಜೂಕ ಬಾಜೂ ಕುಂತಿದ್ರು. ನೀ ಪೇಪರ್ ಕೊಟ್ಟಿದ್ದು ಕಾಕಾಗ ಒಬ್ಬರಿಗೇ."

ಮಾವನವರ ತಲೆ ಬೋಳು, ಅವರು ಎಣ್ಣೆ ಹಚ್ಚುವುದೇ ಇಲ್ಲ. ದೇವರಾಣೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಎಣ್ಣೆ ಒಂದೇ. ಆದರೆ ನಮ್ಮದು ಲಿಂಗ ಕಟ್ಟುವ ಮನೆ, ಅವರು ನಮಾಜ್ ಮಾಡುವವರು. ಅರವತ್ತು ವರ್ಷದ ಗೆಳೆತನದಲ್ಲಿ ಯಾರೂ ಎಣಿಸದೇ ಇದ್ದ ಭೇದವನ್ನು ನಾನು ಒಂದು ಪೇಪರಿನಿಂದ ಎಣಿಸಿ ತೋರಿಸಿದ ಹಾಗೆ ಆಗಿತ್ತು. ಕಾಕಾ ಹಾಗೆ ತಿಳಿದುಕೊಂಡಿದ್ದರೆ? ತಟ್ಟೆ ಸರಿಸಿ ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಹಾಗೇ ಹೊರಟೆ.

ಕಾಕಾನ ಮನೆ ಎರಡು ಓಣಿ ದಾಟಿದರೆ ಸಿಗುತ್ತದೆ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ನೋಡಿದರೆ ಗುರುತೇ ಸಿಗಲಿಲ್ಲ. ಯಾವಾಗಲೂ ಮಿರಿಮಿರಿ ಮಿಂಚುವ ಕೂದಲು ಒಣಗಿ, ಅರಳೆಯ ಹಾಗೆ ಎದ್ದು ನಿಂತಿತ್ತು.

"ತಪ್ಪಾತ್ರಿ ಕಾಕಾ" ಎಂದೆ.

"ಏನ ತಪ್ಪು? ಬಾ ಬೇಟಿ, ಕುಂದರು."

ಒಳಗಿನಿಂದ ಬಂದ ಹುಸೇನಬಿ ಚಾಚಿ, ಕಾಕಾನ ಹೆಂಡತಿ, ನನ್ನನ್ನು ನೋಡಿ ಗಂಡನ ಮೇಲೆ ಹರಿಹಾಯ್ದರು. "ಹೇಳ್ರಿ ಆಕೀಗೆ! ಐದು ದಿನಾತು, ದಿನಾ ಸೀಗಿಕಾಯಿ ತಿಕ್ಕಿ ತಲಿ ತೊಳಕೊಳ್ಳಾಕತ್ತಾರ. ಹನಿ ಎಣ್ಣಿ ಮುಟ್ಟಿಲ್ಲ. ತಲಿ ಧಗಧಗ ಅಂತೈತಿ ಅಂತಾರ, ಹಚ್ಚ್ರಿ ಅಂದ್ರ ಬ್ಯಾಡಂತಾರ!"

ಕಾಕಾ ತಪ್ಪು ಮಾಡಿದವರಂತೆ ತಲೆ ಸವರಿಕೊಂಡರು. "ಇನ್ನೆರಡು ದಿನಾ ತೊಳದ್ರ ಎಣ್ಣಿ ಪೂರಾ ಹೋಗತೈತಿ. ಆಮ್ಯಾಲ ಬರೂಣಂತ ಮಾಡಿದ್ದೆ. ಎಷ್ಟ ಹೌಸಿಲೆ ಬಣ್ಣ ಹಚ್ಚಿಸೀದಿ, ನನ್ನ ತಲಿಯಿಂದ ಯಾಕ ಹಾಳಾಗಬೇಕು?"

ಅವರ ಮುಂದೆಯೇ ಗಳಗಳ ಅತ್ತುಬಿಟ್ಟೆ. ನಾನು ಏನೇನೋ ಊಹಿಸಿಕೊಂಡು ಹೋಗಿದ್ದೆ. ಅವರು ನಮ್ಮ ಮನೆಗೆ ಬರಲಿಕ್ಕೆ ತಮ್ಮ ತಲೆಯನ್ನೇ ತೊಳೆದು ತಯಾರು ಮಾಡುತ್ತಿದ್ದರು. ಅವರು ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು ಅನಿಸಿತು.

"ಮೊದಲ ಎಣ್ಣಿ ಹಚ್ಚ್ರಿ ಚಾಚಿ. ಸಂಜೀಕ ಕಾಕಾ ಹಂಗ ಬರಬೇಕು. ಗ್ವಾಡಿ ಹಾಳಾಗ್ಲಿ ಬಿಡ್ರಿ" ಎಂದೆ.

"ಹಾಳ ಯಾಕ ಮಾಡ್ಕೋತಿಯೇ ಹುಚ್ಚಿ? ನಾನೂ ಬರ್ತೀನಿ, ನಿನ್ನ ಗ್ವಾಡಿ ನೋಡೂಣು" ಎಂದು ಚಾಚಿ ಬಾಟಲಿ ತಂದು ಗಂಡನ ನೆತ್ತಿಗೆ ಎಣ್ಣೆ ಸುರಿದು ತಟ್ಟತೊಡಗಿದರು. ಕಾಕಾ ಕಣ್ಣು ಮುಚ್ಚಿ "ಹಾ... ಯಾ ಅಲ್ಲಾ" ಎಂದು ಉಸಿರು ಬಿಟ್ಟರು.

ಚಾಚಿಯ ತವರು ನವಲಗುಂದ. ಮದುವೆಗೆ ಮುಂಚೆ ತಾಯಿಯ ಜೊತೆ ಜಮಖಾನೆ ನೇಯುತ್ತಿದ್ದವರು. ಸಂಜೆ ಬಂದು ನಮ್ಮ ಹಾಲ್ ನಡುವೆ ನಿಂತು, ಸೊಂಟದ ಮೇಲೆ ಕೈ ಇಟ್ಟು ಸುತ್ತ ನೋಡಿದರು. "ಅಲ್ಲವಾ, ಯಾರೂ ಕುಂದರದ ಗ್ವಾಡಿಗೆ ಗಾಢ ಬಣ್ಣ ಹಚ್ಚೀರಿ, ಮಂದಿ ಕುಂದ್ರೂ ಗ್ವಾಡಿಗೆ ಹಾಲಿನ ಬಣ್ಣ! ಜಮಖಾನಿ ಹಿಂಗ ನೇಯ್ದಿದ್ರ ನಮ್ಮವ್ವ ಕೈ ಮುರೀತಿದ್ಲು." ಕಾರ್ಡ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು, ಕಪ್ಪಿಗೆ ತಿರುಗಿದ ಒಂದು ಕೆಂಪಿನ ಮೇಲೆ ಬೆರಳಿಟ್ಟರು. ಕುಳಿತವರು ಒರಗುವಷ್ಟು ಎತ್ತರಕ್ಕೆ ಆ ಬಣ್ಣದ ಪಟ್ಟಿ, ಅದರ ಮೇಲೆ ಅಂಚಿನ ಹಾಗೆ ಸಣ್ಣ ನವಿಲು ಬಣ್ಣದ ಗೆರೆ. "ಅಂದ್ರ ಆ ಗ್ವಾಡಿಗೂ ಈ ಗ್ವಾಡಿಗೂ ಬೀಗತಾನ ಆತು" ಎಂದರು. ನಾನು ಎಂಟು ದಿನ ಮೊಬೈಲ್ ನೋಡಿ ಕಲಿಯದೇ ಇದ್ದದ್ದನ್ನು ಚಾಚಿ ಎರಡು ನಿಮಿಷದಲ್ಲಿ ಮುಗಿಸಿದರು.

ವಾರದಲ್ಲಿ ಪೇಂಟರ್ ಬಂದ. ಪಟ್ಟಿ ಎಷ್ಟು ಎತ್ತರ ಎಂದು ಕೇಳಿದ್ದಕ್ಕೆ ಎಲ್ಲರನ್ನೂ ಗೋಡೆಗೆ ಸಾಲಾಗಿ ಕೂಡಿಸಿ, ತಲೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಸಿದೆ. ಗುರುತು ಹಾಕುವಾಗ ಕಾಕಾ ಉದ್ದ ಕಾಣಲೆಂದು ಸೆಟೆದು ಕೂತರು. "ಕಳ್ಳ, ಸಾಲ್ಯಾಗೂ ಹಿಂಗ ಮಾಡ್ತಿದ್ದಿ" ಎಂದು ಮಾವ ಅವರ ಭುಜ ಅದುಮಿದರು. ಇಬ್ಬರೂ ಎಪ್ಪತ್ತು ದಾಟಿದವರು.

ಬಣ್ಣ ಒಣಗಿದ ಮೇಲೆ ಕಾಕಾ ಮೊದಲ ಸಲ ಬಂದು ಒರಗಿ, ಗಂಟೆಗಟ್ಟಲೆ ಹರಟೆ ಹೊಡೆದು ಹೋದರು. ಅವರು ಹೋದ ಮೇಲೆ ಚಹಾದ ಕಪ್ಪು ಎತ್ತಲು ಹೋದ ನನ್ನನ್ನು ಮಾವ ನಿಲ್ಲಿಸಿದರು.

"ಆ ಐದು ದಿನಾ ನಾನರ ಅವನ ಮನೀಗೆ ಹೋಗಬಹುದಿತ್ತಲ್ಲ ಸವಿತವ್ವಾ, ಹೋಗಲಿಲ್ಲ. ಹೋಗಿ ಏನಂತ ಹೇಳಲಿ? ಸೊಸಿದು ತಪ್ಪೈತಿ ಅಂತ ನಿನ್ನ ಬಿಟ್ಟುಕೊಡಾಕ ಮನಸಾಗಲಿಲ್ಲ. ತಪ್ಪಿಲ್ಲಂತ ಹೇಳಿ ಅವಗ ಮಾರಿ ತೋರಸಾಕೂ ಆಗಲಿಲ್ಲ."

ಇಷ್ಟು ಹೇಳಿ ಟಿವಿ ಹಚ್ಚಿಕೊಂಡರು. ನಾನು ಕಪ್ಪು ಹಿಡಿದು ನಿಂತೇ ಇದ್ದೆ.

ನನ್ನ ಒಂದು ಗೋಡೆಯ ಸಲುವಾಗಿ ಒಬ್ಬರು ಐದು ದಿನ ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಿದ್ದರು. ನನ್ನ ಸಲುವಾಗಿ ಇನ್ನೊಬ್ಬರು ಗೆಳೆಯನನ್ನೇ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದರು. ಇಬ್ಬರೂ ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ನಾನು ಎರಡು ಮಾತು ತಿರುಗಿ ಆಡಿ, ಅಂದೇ ಮರೆತುಬಿಡುತ್ತಿದ್ದೆ.