ನರಿ ಜಾರಿದ ನೆಲ, ಉಳಿ ಹಿಡಿದ ಪಾಂಡಪ್ಪ

ಬೆಳಗಿನ ಆರಕ್ಕೆ ಹುನಗುಂದ–ಇಳಕಲ್ ರಸ್ತೆಯಡಿಯ ಒಂದು ಮೋರಿಯಿಂದ ಎರಡು ಕಾಲು ಹೊರಚಾಚಿರುತ್ತವೆ. ಗಾಬರಿ ಬೇಡ, ಅವು ಪಾಂಡಪ್ಪನವರವು. ಮಿಕ್ಕ ಪಾಂಡಪ್ಪ ಒಳಗೆ ಬೋರಲು ಮಲಗಿ, ಉಸುಕಿನ ಮೇಲಿನ ಹೆಜ್ಜೆ ಓದುತ್ತಿದ್ದಾರೆ.

"ಮುಂಗುಸಿ ಎರಡು, ಮೊಲ ಒಂದು. ಮುಳ್ಳಹಂದಿ ಹೋಗೈತಿ, ತಿರುಗಿ ಬಂದಿಲ್ಲ. ಬೀಗರ ಮನ್ಯಾಗ ಉಳಕೊಂಡಿರಬೇಕು."

ಅರವತ್ತೆರಡರ ಪಾಂಡಪ್ಪ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವರು. ನಲವತ್ತು ವರ್ಷದಲ್ಲಿ ಅವರು ಹೊಳಪು ಕೊಟ್ಟ ಕಲ್ಲನ್ನು ಸಾಲಾಗಿ ಹಾಸಿದರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ಪಡಸಾಲೆಗೂ ಮಿಕ್ಕೀತು. ಎರಡು ವರ್ಷದ ಹಿಂದೆ ಅರಣ್ಯ ಕಾವಲುಗಾರ ನವೀದ ಅವರನ್ನು ಹುಡುಕಿ ಬಂದ. ನರಿ, ಉಡಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. ರಸ್ತೆ ಬದಿ ಜಾಲರಿ ಕಟ್ಟಿ ಅವನ್ನು ಮೋರಿಯೊಳಗಿಂದ ದಾಟಿಸಬೇಕು. ಕಾಲು ನೆನೆಯದಂತೆ ನೀರಿನ ಪಕ್ಕ ಕಲ್ಲಿನ ಕಟ್ಟೆ ಬೇಕು.

ಪಾಂಡಪ್ಪ ಹಾಸಿಕೊಟ್ಟರು. ಆದರೆ ಒರಟು ಕಲ್ಲು ಹಾಸಲು ಆ ಕೈ ಒಪ್ಪಬೇಕಲ್ಲ! ನೊಣ ಕೂತರೂ ಜಾರಿ ಸೊಂಟ ಮುರಿದುಕೊಳ್ಳುವಂಥ ಪಾಲಿಶ್ ಕೊಟ್ಟರು. ಮೊದಲ ಸಂಜೆಯೇ ಒಂದು ನರಿ ಇಣುಕಿತು. ನೆಲದೊಳಗಿಂದ ಇನ್ನೊಂದು ನರಿ ಇಣುಕಿತು. ಇದು ಹಲ್ಲು ಕಿರಿದರೆ ಅದೂ ಕಿರಿಯಿತು. ಕಾಲಿಟ್ಟದ್ದೇ ಜರ್ರನೆ ಜಾರಿ, ಎದ್ದು, ಜಾಲರಿ ಹಾರಿ ರಸ್ತೆಗೇ ಓಡಿತು. ಲಾರಿಯವನು ಬ್ರೇಕ್ ಒತ್ತಿದ್ದಕ್ಕೆ ಬದುಕಿತು.

"ಕಾಕಾ, ನಮ್ಮ ಸಾಹೇಬ್ರು ಒಂದ ತಿಂಗಳ ಟೈಮ್ ಕೊಟ್ಟಾರ. ಪ್ರಾಣಿ ದಾಟಲಿಲ್ಲಂದ್ರ ಜಾಲರಿ ಕಿತಗೊಂಡ ಹೋಗ್ತಾರ," ಎಂದ ನವೀದ.

"ಬಚ್ಚಲಕ್ಕ ಒಂದ ಕಲ್ಲ ಹಾಕ್ರಿ ಅಂತ ಮೂರ ವರ್ಷದಿಂದ ಬಡಕೊಳ್ಳಾಕತ್ತೇನಿ. ಇವ್ರು ನರಿಗಿ ಕನ್ನಡಿ ಹಾಸಿ ಬಂದಾರ!" ಎಂದರು ಹೆಂಡತಿ ಮಾಯವ್ವ.

ಪಾಂಡಪ್ಪ ಉಳಿ, ಸುತ್ತಿಗೆ ಎತ್ತಿಕೊಂಡರು. ತಮ್ಮದೇ ಹೊಳಪಿನ ಮೇಲೆ ಮೊದಲ ಏಟು ಹಾಕುವಾಗ ಕಣ್ಣು ಮುಚ್ಚಿಕೊಂಡರಂತೆ. ಇಪ್ಪತ್ತಾರು ದಿನ ಕೆತ್ತಿ ಇಡೀ ಕಟ್ಟೆಯನ್ನು ಹಲಸಿನ ಸಿಪ್ಪೆಯಂತೆ ಮಾಡಿದರು. ಇಪ್ಪತ್ತೆಂಟನೆಯ ಬೆಳಗು ಮೋರಿಯ ಆಚೆ ಬಾಯಿಯ ಉಸುಕಿನಲ್ಲಿ ನರಿಯ ನಾಲ್ಕು ಹೆಜ್ಜೆ! ಪಾಂಡಪ್ಪ ಹಾಕಿದ ಕೇಕೆಗೆ ಪಟ್ಟದಕಲ್ಲಿನ ಕೋಳಿಗಳೂ ಎದ್ದು ಕೂತವು.

ಜಾಲರಿ ಉಳಿಯಿತು. ಈಗ ಇಂಥ ಮೂರು ಮೋರಿಗಳಿವೆ; ದಿನಕ್ಕೆ ಮೂವತ್ತಾದರೂ ಪ್ರಾಣಿ ದಾಟುತ್ತವೆ. ಓಡಾಡಿ ನುಣುಪಾದ ಕಡೆ ಪಾಂಡಪ್ಪ ಮತ್ತೆ ಉಳಿ ಹಾಕಿ, ಆಮೇಲೆ ಪಾಲಿಶ್ ಕೆಲಸಕ್ಕೆ ಹೋಗುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ.

"ಒಂದ ಐತ್ರಿ. ಈ ಒರಟ ಕಲ್ಲ ಹಾಸಿದಾಂವ ನಾನ ಅಂತ ಇಳಕಲ್ಲದಾಗ ಯಾರಿಗೂ ಹೇಳಬ್ಯಾಡ್ರಿ. ಪಾಂಡಪ್ಪಗ ಪಾಲಿಶ್ ಬರೂದಿಲ್ಲ ಅಂತಾರ."