ಹಿಂದಿನ ದೀಪದ ಕಾಕಾ

ಗಾಡಿಗಳ ವೈರಿಂಗ್ ರಿಪೇರಿ ಮಾಡುತ್ತಿದ್ದ ವೈರಿಂಗ್ ಕಾಕಾ ದೀಪವನ್ನು ನೇರವಾಗಿ ನೋಡುತ್ತಿರಲಿಲ್ಲ. ಅದರ ಮುಂದೆ ಎಡಗೈ ಚಾಚಿ, ಅಂಗೈ ಮೇಲೆ ಬಿದ್ದ ಬೆಳಕನ್ನು ನೋಡುತ್ತಿದ್ದರು. ಬೆಸುಗೆಯ ಕಾವಿಗೆ ಗೆರೆಗಳೇ ಅಳಿಸಿಹೋದಂಥ ಅಂಗೈ ಅದು.

ಆ ಬೆಳಿಗ್ಗೆ ನಾನು ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿ, ತುಳಸಿಗೆ ನೀರು ಹಾಕಿದ್ದೆ. ಯಾವುದರಲ್ಲೂ ಮನಸ್ಸಿರಲಿಲ್ಲ, ಎರಡು ರೊಟ್ಟಿ ಸೀದಿದ್ದವು. ಮಾವನವರ ಕಾಲದ ನಮ್ಮ ಕಾರಿನ ಹಿಂದಿನ ದೀಪಗಳು ಮಂಕಾಗಿದ್ದವು. ಹಿಂದಿನ ವಾರ ಗಂಗಾವತಿ ರಸ್ತೆಯಲ್ಲಿ ಭತ್ತದ ಲಾರಿಯೊಂದು ನಮ್ಮ ಕಾರಿನ ಹಿಂದೆ ಗೇಣು ದೂರದಲ್ಲಿ ಬ್ರೇಕ್ ಹಾಕಿ ನಿಂತಿತ್ತಂತೆ. ಲಾರಿಯವನು ಗಾಡಿಗೆ ಮುತ್ತು ಕೊಡಲು ಬಂದಿದ್ದ ಎಂದು ಯಜಮಾನರು ನಕ್ಕಿದ್ದರು. ಅವತ್ತು ಮತ್ತೆ ಗಂಗಾವತಿಗೆ ಹೋಗಿ, ಕತ್ತಲಾಗುವ ಹೊತ್ತಿಗೆ ಅದೇ ರಸ್ತೆಯಲ್ಲಿ ಬರುವವರಿದ್ದರು. ಇಬ್ಬರು ಮೆಕ್ಯಾನಿಕ್‌ಗಳು ಬಲ್ಬು ಬದಲಿಸಿ ಕೈಚೆಲ್ಲಿದ್ದರು. ನಾನೇ ಭಾಗ್ಯನಗರಕ್ಕೆ ಫೋನ್ ಮಾಡಿ ಕಾಕಾ ಅವರನ್ನು ಕರೆಸಿದೆ.

ಬಂದವರೇ ಚಹಾ ಬೇಡವೆಂದರು. ದೀಪ ಹತ್ತಿದ ಮೇಲೆಯೇ ಚಹಾ, ಅದು ಅವರ ಪದ್ಧತಿ. ಯಜಮಾನರು ಸ್ನಾನಕ್ಕೆ ಹೋಗಿದ್ದರಿಂದ ಬ್ರೇಕ್ ಒತ್ತಲು ನನ್ನನ್ನೇ ಕೂರಿಸಿದರು. ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿದ್ದರೂ ಡ್ರೈವರ್ ಸೀಟಿನಲ್ಲಿ ಕೂತದ್ದು ಅದೇ ಮೊದಲು. "ಒತ್ರಿ ಅಕ್ಕಾರ... ಬಿಡ್ರಿ," ಎನ್ನುತ್ತಾ ಕಾಕಾ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು.

ಸ್ವಲ್ಪ ಹೊತ್ತಿಗೆ ನನ್ನನ್ನು ಹಿಂದಕ್ಕೆ ಕರೆದರು. ಕೆಂಪು ಗಾಜು ಬಿಚ್ಚಿದ್ದರು. ಒಳಗೆ, ದೀಪ ತಗಡಿಗೆ ಕೂರುವ ಜಾಗದಲ್ಲಿ, ತುಕ್ಕಿನ ಜೊತೆ ಗಟ್ಟಿಯಾದ ವಿಭೂತಿ, ಕುಂಕುಮ.

"ಕರೆಂಟ್ ಹೋಗಾಕ ದಾರಿ ಐತ್ರಿ, ತಿರುಗಿ ಬರಾಕ ಇಲ್ಲ," ಎಂದರು. ಹಳೆಯ ಗಾಡಿಗಳಲ್ಲಿ ಅದು ವಾಪಸಾಗುವುದು ಗಾಡಿಯ ತಗಡಿನ ಮೂಲಕವೇ ಅಂತೆ; ತುಕ್ಕು, ವಿಭೂತಿ ಸೇರಿ ಆ ದಾರಿಯನ್ನೇ ಮುಚ್ಚಿದ್ದವು.

ಪ್ರತಿ ಆಯುಧಪೂಜೆಗೂ ಕೊಡಗಟ್ಟಲೆ ನೀರು ಸುರಿದು ತೊಳೆದು, ದೀಪಗಳಿಗೆ ಮೂರು ಬೆರಳ ವಿಭೂತಿ ಎಳೆದು, ಕುಂಕುಮ ಮೆತ್ತುತ್ತಿದ್ದವಳು ನಾನೇ. ಗಂಡನನ್ನು ಕಾಯಲಿ ಎಂದು ಹಚ್ಚಿದ್ದೇ ಗಾಡಿಯನ್ನು ಲಾರಿಯ ಕಣ್ಣಿಗೆ ಮರೆಮಾಡಿತ್ತು. ಕಾನ್ವೆಂಟಿನಲ್ಲಿ ಕಲಿತ 'ಸಾರಿ' ಬಾಯಿಗೆ ಬಂತು. ಯಾರಿಗೆ ಹೇಳಬೇಕೋ ತಿಳಿಯಲಿಲ್ಲ.

ಕಾಕಾ ಮರಳುಕಾಗದದಿಂದ ತಿಕ್ಕುತ್ತಾ, "ಪೂಜಿ ಮಾಡ್ರಿ, ಬಾನೆಟ್ಟಿಗಿ ಮಾಡ್ರಿ. ಮುಂದಿನ ದೀಪ ನಮಗ, ಹಿಂದಿನ ದೀಪ ಮಂದಿಗಿ," ಎಂದರು.

ತಲೆ ಒರೆಸಿಕೊಳ್ಳುತ್ತಾ ಬಂದ ಯಜಮಾನರು ಏನಾಗಿತ್ತೆಂದು ಕೇಳಿದರು. ಕಾಕಾ ನನ್ನ ಕಡೆ ನೋಡಲೇ ಇಲ್ಲ.

"ಧೂಳ್ರಿ. ನಿಮ್ಮ ಗಂಗಾವತಿ ರೋಡಿಂದು."

ನಾನು ಮತ್ತೆ ಬ್ರೇಕ್ ಒತ್ತಿದೆ. ಕಾಕಾ ಅವರ ಅಂಗೈ ಕೆಂಪಾಯಿತೆಂದು ಯಜಮಾನರೇ ಕೂಗಿ ಹೇಳಿದರು. ಕಾಕಾ ಚಹಾ ಕುಡಿದು ಹೋದರು.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಧೂಳಿನ ಆ ಸುಳ್ಳನ್ನು ನಾನು ಇವತ್ತಿಗೂ ತಿದ್ದಿಲ್ಲ. ಆಯುಧಪೂಜೆಯ ದಿನ ಹಿಂದಿನ ದೀಪಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಅಂಗೈ ಹಿಡಿದು ನೋಡುತ್ತೇನೆ.

ದೀಪ ಸರಿಹೋದ ಅವತ್ತಿನ ಸಂಜೆ ಮಾತ್ರ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಗೇಟಿನಿಂದ ಅಡುಗೆಮನೆ, ಅಡುಗೆಮನೆಯಿಂದ ಗೇಟು. ಹಾಲು ಉಕ್ಕಿತು, ಒರೆಸಿದೆ, ಮತ್ತೆ ಗೇಟಿಗೆ ಬಂದೆ. ಕೊನೆಗೆ ಕಾರು ಓಣಿಗೆ ತಿರುಗಿತು. ಅದರ ಬೆನ್ನಿಗೇ ಸ್ಕೂಟರಿನಲ್ಲಿ ಬಂದ ಪಕ್ಕದ ಮನೆಯಾಕೆ ಹೆಲ್ಮೆಟ್ ತೆಗೆದು ಕಣ್ಣುಜ್ಜಿಕೊಂಡಳು.

"ಬಸ್ ಸ್ಟ್ಯಾಂಡಿಂದ ನಿಮ್ಮ ಕಾರಿನ ಹಿಂದನ ಬಂದೇನ್ರಿ ವೈನಿ. ಅದೇನ್ ದೀಪ ಹಾಕ್ಸೀರಿ, ಅಷ್ಟು ದೂರದಿಂದ ಕಣ್ಣು ಕುಕ್ಕತಾವು."